ಖಾಲಾನ ಗಿಡ, ತೆಕ್ಕಲಕೋಟಿ ಬಸ್ಸು

ಕೆಲವರಿಗೆ ಹೋದಲ್ಲೆಲ್ಲ ನೆಗಡಿ ಹಿಡಿಯುತ್ತದಲ್ಲ, ಹಾಗೆ ನನಗೆ ಹೋದಲ್ಲೆಲ್ಲ ಗದ್ದಲ ಹಿಡಿಯುತ್ತದೆ. ಮೊದಲು ಆ ಗದ್ದಲ ನಾನೇ ಬೇಕಂತ ಮಾಡುತ್ತಿದ್ದೆ. ಮಾಡಿ ಓಡುತ್ತಿದ್ದೆ. ಅದು ಸರಿ. ಈ ಗಿಡದ ಹುಚ್ಚು ಹತ್ತಿದ ಮೇಲೆ ಮಾತ್ರ, ಕೈಕಟ್ಟಿ ನಿಂತರೂ ಏನಾದರೊಂದು ಆಗುತ್ತದೆ. ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.

ನಾನು ಯಾರು ಅಂದರೆ, ಹತ್ತನೇತಿ ಗಣಿತದಾಗ ಬಿದ್ದವನು. ಸಾಲಿ ಬಿಟ್ಟು ಈಗ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯೋ ಶೆಡ್ಡಿನಲ್ಲಿ ಕೂತು, ಹೊಲಿದ ಪ್ಯಾಂಟಿಗೆ ಜೋತುಬಿದ್ದ ದಾರ ಕತ್ತರಿಸುತ್ತೇನೆ. ಮನೆ ಪಾರ್ವತಿನಗರದ ಒಂದು ಸಣ್ಣ ಓಣಿಯಲ್ಲಿ. ನಮ್ಮ ಮೇಲಿನ ಮನೆಯಲ್ಲಿ ಖಾಲಾ ಇರುತ್ತಾರೆ. ಅವರ ಅಕ್ಕತಂಗಿಯರ ಮಕ್ಕಳಿಗಷ್ಟೇ ಅಲ್ಲ, ಇಡೀ ಓಣಿಗೆ ಅವರು ಖಾಲಾ. ಎದುರು ಮನೆಯಲ್ಲಿ ಒಬ್ಬ ಅಜ್ಜಿ. ಆ ಅಜ್ಜಿಗೆ ಕಣ್ಣು ಮಂಜು ಅಂತಾರೆ, ನಾನು ಏನು ಮಾಡಿದರೂ ಮಾತ್ರ ಕಾಣುತ್ತದೆ.

೧. ಹೂ ಬಿಟ್ಟಿತು

ಖಾಲಾನ ಮನೆಯೊಳಗೆ ಕಿಟಕಿ ಪಕ್ಕ ಒಂದು ಗಿಡ ಇತ್ತು. ಅಗಲ ಎಲೆ, ಕಡುಹಸಿರು, ಹೆಸರು ಯಾರಿಗೂ ಗೊತ್ತಿಲ್ಲ. ನರ್ಸರಿಯವನು "ಬಿಳಿ ಹೂ ಬಿಡ್ತೈತಿ" ಅಂತ ಹೇಳಿ ಕೊಟ್ಟಿದ್ದನಂತೆ. ಅದು ಬಿಡಲಿಲ್ಲ. ಬಂದವರೆಲ್ಲರಿಗೂ ಖಾಲಾ ಅದನ್ನೇ ಹೇಳಿ ನಿಟ್ಟುಸಿರು ಬಿಡೋರು.

ನನಗೆ ಪಾಪ ಅನ್ನಿಸಿತು. ಬ್ರೂಸ್‌ಪೇಟೆಗೆ ಹೋಗಿ ಒಂದು ಬಿಳಿ ಪ್ಲಾಸ್ಟಿಕ್ ಹೂ ತಂದೆ. ಖಾಲಾ ಸಿಲಿಂಡರ್ ಹೊತ್ತು ಮೇಲಿಡಲು ಕರೆದಾಗ, ಸಿಲಿಂಡರ್ ಅಡಿಗೆಮನೆಯಲ್ಲಿಟ್ಟೆ, ಹೂ ಎಲೆಗಳ ನಡುವೆ ಇಟ್ಟೆ.

ಮರುದಿನ ಮುಂಜಾನೆ ಓಣಿಗೆಲ್ಲ ಸ್ಯಾವಿಗಿ ಪಾಯಸ. "ಬಿಡ್ತು ನೋಡ್ರಿ, ಬಿಡ್ತು!" ಖಾಲಾನ ಕಾಲು ನೆಲದ ಮೇಲಿರಲಿಲ್ಲ. ನಾನೂ ಹೋಗಿ ಪಾಯಸ ಕುಡಿದೆ, ಇನ್ನೊಂದು ಲೋಟ ಕೇಳಿದೆ. ಎದುರುಮನೆ ಅಜ್ಜಿ, "ಮೊದಲ ಹೂ ಐತಿ, ನಮ್ಮ ದೇವರಿಗೆ ಕೊಡವ್ವ" ಅಂದಳು. ಖಾಲಾ, "ತಗಾ ಅಜ್ಜಿ, ಯಾರ ದೇವರಾದ್ರೇನು" ಅಂದರು. ಅಜ್ಜಿ ಹೂವನ್ನು ಎಳೆದಳು. ಹೂ ಬಂತು. ಹೂವಿನ ಹಿಂದೆ ತಂತಿ ಬಂತು. ಮತ್ತೂ ಎಳೆದಳು, ಮತ್ತೂ ತಂತಿ ಬಂತು.

ಒಬ್ಬರೂ ಹೂವಿನ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಲ್ಲಿ ಪಾಯಸ.

ಅಪ್ಪ ಅಲ್ಲೇ ತೀರ್ಪು ಕೊಟ್ಟ. "ಇದ ಕಡೀದು. ಇನ್ನೊಮ್ಮೆ ಯಾರಾರ ಇವನ ಮ್ಯಾಲ ದೂರು ತಂದ್ರು ಅಂದ್ರ, ತೆಕ್ಕಲಕೋಟಿ ಬಸ್ಸು ಹತ್ತಿಸ್ತೀನಿ. ಅವರ ಮಾಮನ ಹೊಲದಾಗ ಭತ್ತ ನಾಟಿ ಮಾಡ್ಕೊಂಡಿರಲಿ."

ನಮ್ಮ ಮಾಮನನ್ನು ನೀವು ನೋಡಿಲ್ಲ. ನಸುಕಿನಲ್ಲಿ ಕೋಳಿಯನ್ನು ಎಬ್ಬಿಸುವವನು ಅವನು.

ಖಾಲಾ ಮಾತ್ರ ಬೈಯಲಿಲ್ಲ. ಕುಂಡ ಎತ್ತಿ ನನ್ನ ಕೈಗೆ ಕೊಟ್ಟರು. "ಹೂ ಬಿಡಿಸಿದಾವ ನೀನ ಅಲ್ಲಾ? ನೀನ ಸಾಕು."

ಶಿಕ್ಷೆ ಅಂತ ತಿಳಿದು ಮೂಲೆಗೆ ಇಟ್ಟೆ. ಮೇಲಿಂದ ಖಾಲಾ "ನೀರು ಹಾಕಿದೇನು?" ಅಂತ ಕೂಗುತ್ತಾರೆ ಅಂತ ನೀರು ಹಾಕಿದೆ. ಒಂದಿನ ನೋಡುತ್ತೇನೆ, ನಡುವಿನಿಂದ ಬೀಡಿ ಸುತ್ತಿದಂತೆ ಒಂದು ಎಳೆ ಎಲೆ ಎದ್ದಿದೆ. ನಿನ್ನೆ ಇರಲಿಲ್ಲ, ಇವತ್ತಿದೆ! ಅದರ ಮುಂದೆ ಕೂತೆ. ಶೆಡ್ಡಿಗೆ ಹೋಗೋದು ಮರೆತೆ. ಮೈಯೆಲ್ಲ ಏನೋ ಒಂಥರಾ ಆಯಿತು, ಜ್ವರಾನೂ ಅಲ್ಲ, ಹಸಿವೂ ಅಲ್ಲ.

ಆಮೇಲೆ ಡೌಟು ಬಂತು. ಈ ಆಟ ನನಗೆ ಗೊತ್ತಿಲ್ಲದ್ದೇ? ಯಾರೋ ನನಗೇ ಟೋಪಿ ಹಾಕಿದ್ದಾರೆ! ತಂತಿ ಇದೆಯಾ ನೋಡೋಣ ಅಂತ ಮೆಲ್ಲಗೆ ಎಳೆದೆ.

ಕೈಗೆ ಬಂತು. ಅಸಲಿ ಇತ್ತು.

ಅವತ್ತು ನಾನು ಊಟ ಮಾಡಲಿಲ್ಲ. ಅವ್ವ ನನ್ನ ಹಣೆ ಮುಟ್ಟಿ ನೋಡಿ ಅಂದಳು: "ಗಣಿತದಾಗ ಬಿದ್ದ ದಿನಾನೂ ಒಂದು ರೊಟ್ಟಿ ಜಾಸ್ತಿ ತಿಂದಿದ್ಯಲ್ಲಲೇ!"

೨. ಕದ್ದರೇನೇ ಬರೋದು

ಒಂದು ಗಿಡ ಸಾಕಿದವನಿಗೆ ಇನ್ನೊಂದು ಬೇಕನ್ನಿಸುತ್ತದೆ. ಇದೂ ನನಗೆ ಗೊತ್ತಿರಲಿಲ್ಲ. ಖಾಲಾನ ಮೆಟ್ಟಿಲ ಕಂಬಿಗೆ ಮನಿ ಪ್ಲಾಂಟ್ ಹಬ್ಬಿತ್ತು. ಬಾಳಿನಲ್ಲಿ ಮೊದಲ ಸಲ, ಮರ್ಯಾದೆಯಿಂದ, ಕೈ ಮುಗಿದು ಕೇಳಿದೆ.

"ಖಾಲಾ, ಇದರದು ಒಂದು ತುಂಡು ಕೊಡ್ರಿ."

"ತೋಬಾ ತೋಬಾ! ಕೇಳಿ ಒಯ್ದ್ರ ಇದು ಬರಂಗಿಲ್ಲ ಬೇಟಾ. ಕದೀಬೇಕು."

"ಕದಿ ಅಂತ ನೀವ ಹೇಳಾಕತ್ತೀರಿ?"

"ನಾ ಎಲ್ಲಿ ಹೇಳ್ದೆ? ನಾ ಒಳಗ ಹೋಗ್ತೀನಿ. ನನಗೇನೂ ಗೊತ್ತಿಲ್ಲ."

ಒಳಗೆ ಹೋದರು. ಬಾಗಿಲು ಮುಂದಕ್ಕೆ ಹಾಕಿಕೊಂಡರು. ನಾನು ದಾರ ಕತ್ತರಿಸೋ ಕತ್ತರಿ ತೆಗೆದೆ. ಕಿಟಕಿಯಿಂದ ದನಿ ಬಂತು: "ಅದು ಬ್ಯಾಡ, ಮುದಿ ಐತಿ! ಈ ಕಡಿ ಉದ್ದಂದು ಕದಿ! ಗಂಟಿನ ಕೆಳಗ ಕತ್ತರಿಸು, ಗಂಟು ಇರ್ಲಿಲ್ಲಂದ್ರ ಬೇರು ಬರಂಗಿಲ್ಲ!"

ಹೇಳದೆ ಕೇಳದೆ ಪೇರಲಕಾಯಿ ಕದ್ದವನು ನಾನು, ಆಗೆಲ್ಲ ಒಂದೇ ಏಟಿಗೆ ಕಿತ್ತು ಓಡಿದ್ದೆ. ಮಾಲಕರೇ ನಿಂತು ಹೇಳಿಕೊಟ್ಟು ಕದಿಸಿದಾಗ ಯಾವ ಗಂಟು ಅಂತ ಮೂರು ಸಲ ಎಣಿಸಿದೆ. ಕತ್ತರಿ ಆಡಿತೋ ಇಲ್ಲವೋ, ಎದುರುಮನೆಯಿಂದ ಅಜ್ಜಿ ಬಾಯಿ ಮಾಡಿದಳು: "ಕಳ್ಳ! ಕಳ್ಳ ಬಂದಾನ ಬರ್ರೀ!"

ಓಣಿ ಕೂಡಿತು. ಅಪ್ಪ ಅರ್ಧ ಗಡ್ಡ ಕೆರೆದು, ಇನ್ನರ್ಧಕ್ಕೆ ಸೋಪು ಹಚ್ಚಿಕೊಂಡೇ ಬಂದ.

"ಖಾಲಾ ಹೇಳಿದ್ರಪ್ಪಾ, ಕದಿ ಅಂತ!"

"ಹೌದೇನ್ರಿ ಖಾಲಾ?"

ಖಾಲಾ ಹೊರಗೆ ಬಂದರು. ನನ್ನ ಮುಖ ನೋಡಿದರು. ನನ್ನ ಕೈಲಿದ್ದ ತುಂಡು ನೋಡಿದರು. ಹೌದು ಅಂದರೆ ನಾನು ಬದುಕುತ್ತೇನೆ, ತುಂಡು ಸಾಯುತ್ತದೆ. ಖಾಲಾ ತುಂಡಿನ ಕಡೆ ನಿಂತರು.

"ನಾ ಕೊಟ್ಟಿಲ್ಲ. ಅವ ಕದ್ದಾನ." ಆಮೇಲೆ ಖುಷಿಯಿಂದ, "ಚಂದಾಗಿ ಕದ್ದಾನ."

"ಚೀಲ ತುಂಬಲೇ," ಅಂದ ಅಪ್ಪ. "ತೆಕ್ಕಲಕೋಟಿ."

"ಏ ತಮ್ಮಾ, ತಡಿ. ನಾ ದೂರು ಕೊಟ್ನೇನು? ಕದ್ದಾನ ಅಂದೆ, ಅಷ್ಟ. ನನಗೇನೂ ಬ್ಯಾಸರಿಲ್ಲ."

ಅಪ್ಪ ಸೋಪಿನ ಮುಖದಲ್ಲೇ ಆ ಕಡೆ ಈ ಕಡೆ ನೋಡಿದ. ಕದ್ದದ್ದು ಖರೆ, ದೂರು ಇಲ್ಲ. ಅಷ್ಟರಲ್ಲಿ ಅಜ್ಜಿ ನನ್ನ ಹತ್ತಿರ ಸರಿದಳು.

"ಲೇ ಮಂಗ್ಯಾ, ಇದು ಖರೇನ ಕದ್ದದ್ದೇನು?"

"ಹೂಂ ಅಜ್ಜಿ, ನೀನ ಹಿಡದ್ಯಲ್ಲ."

"ಹಂಗಾರ ಚಲೋ ಹಬ್ತೈತಿ. ಆ ಕಡಿ ನೋಡು, ಏನೋ ಹೊಂಟೈತಿ."

ನೋಡಿದೆ. ಏನೂ ಇರಲಿಲ್ಲ. ತಿರುಗಿದರೆ ಕೈಲಿದ್ದ ಬಳ್ಳಿ ಅರ್ಧ ಆಗಿತ್ತು. ಮತ್ತೊಬ್ಬರು "ನಿನ್ನ ಚಪ್ಪಲಿ ಹರದೈತಿ ನೋಡು" ಅಂದರು. ಬಗ್ಗಿ ಎದ್ದರೆ ಇನ್ನೂ ಸಣ್ಣದಾಯಿತು. ಮನೆ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಬೆರಳಲ್ಲಿ ಉಳಿದದ್ದು ಒಂದು ತೊಟ್ಟು.

ಸಂಜೆ ಅವ್ವ ಬಟ್ಟೆ ನೆನೆಹಾಕುವಾಗ ಅಪ್ಪನ ಅಂಗಿ ಕೊಡವಿದಳು. ಜೇಬಿನಿಂದ ಒಂದು ಎಲೆ ಬಿತ್ತು, ಗಂಟು ಸಮೇತ.

"ಅಪ್ಪಾ, ಏನಿದು?"

"ಶ್! ಕೇಳಬ್ಯಾಡಲೇ. ಕೇಳಿದ್ರ ಬರಂಗಿಲ್ಲ."

೩. ಕುರುಗೋಡಿನ ಚಾ

ನಮ್ಮ ದೊಡ್ಡಪ್ಪನ ಮಗ, ಅಂದರೆ ಅಣ್ಣನಿಗೆ, ಹೆಣ್ಣು ನೋಡಲು ಮನೆಯವರೆಲ್ಲ ಕುರುಗೋಡಿಗೆ ಹೊರಟರು. ನನ್ನನ್ನು ಒಬ್ಬನೇ ಮನೆಯಲ್ಲಿ ಬಿಟ್ಟರೆ ಏನಾಗುತ್ತದೋ ಅಂತ ಅಪ್ಪ ಜೊತೆಗೆ ಕರೆದುಕೊಂಡ. ದಾರಿಯುದ್ದಕ್ಕೂ ಒಂದೇ ಪಾಠ: "ಬಾಯಿ ಮುಚ್ಚಿರಬೇಕು. ಕೈ ಮಂಡಿ ಮ್ಯಾಲ ಇರಬೇಕು."

ಬಾಯಿ ಮುಚ್ಚಿಯೇ ಕೂತಿದ್ದೆ. ಆದರೆ ಅಣ್ಣನ ಪಕ್ಕದಲ್ಲಿ ಒಂದು ಕುಂಡ ಇಟ್ಟಿದ್ದರು. ಕತ್ತಿಯಂಗೆ ನೆಟ್ಟಗೆ ನಿಲ್ಲುತ್ತವಲ್ಲ, ಆ ಎಲೆಯ ಗಿಡ. ತುದಿಯೆಲ್ಲ ಕಂದು ಬಣ್ಣ, ಬುಡ ಮೆತ್ತಗಾಗಿತ್ತು. ಹಿರಿಯರು ಗೋತ್ರ, ಬೆಡಗು ಅಂತ ಮಾತಾಡುತ್ತಿದ್ದರು. ನನಗೆ ಆ ಗಿಡದ ಚಿಂತೆ. ಮಂಡಿ ಮೇಲಿನ ಕೈ ತಾನೇ ಇಳಿದು ಹೋಗಿ ಮಣ್ಣಿನಲ್ಲಿ ಬೆರಳು ಇಟ್ಟಿತು. ಜಿಗಿಜಿಗಿ. ಮೂಸಿದೆ. ಏಲಕ್ಕಿ ವಾಸನೆ! ಮಣ್ಣಿಗೆ ಏಲಕ್ಕಿ ಯಾರು ಹಾಕುತ್ತಾರೆ?

ಹುಡುಗಿ ಚಾ ತಂದಳು. ಅಣ್ಣ ಒಂದು ಗುಟುಕು ಕುಡಿದ. ಅವನ ಕಣ್ಣು ಅಗಲ ಆದವು. ಎಲ್ಲರೂ ಹುಡುಗಿ ಕಡೆ ನೋಡುವಾಗ ಕಪ್ಪನ್ನು ಮೆಲ್ಲಗೆ ಕುಂಡದ ಕಡೆ ವಾಲಿಸಿದ.

ನನಗೆ ಎಲ್ಲ ಮರೆತುಹೋಯಿತು. "ಅಣ್ಣಾ! ಆ ಚಾ ಹಾಕಬ್ಯಾಡೋ, ಗಿಡ ಸಾಯ್ತೈತಿ!"

ಹುಡುಗಿಯ ತಾಯಿಯ ಮುಖ ಸಣ್ಣದಾಯಿತು. ಅಪ್ಪ ನನ್ನ ಕಿವಿಯಲ್ಲಿ ಒಂದೇ ಮಾತು ಅಂದ: "ತೆಕ್ಕಲಕೋಟಿ."

ರಿಪೇರಿ ಮಾಡೋಣ ಅಂತ ನಾನು ಮತ್ತೆ ಬಾಯಿ ತೆಗೆದೆ. "ತಪ್ಪು ತಿಳೀಬ್ಯಾಡ್ರಿ ಅತ್ತಿ. ಅಣ್ಣ ಒಬ್ಬಾಂವ ಅಲ್ರಿ, ಇದು ಭಾಳ ದಿನದಿಂದ ಚಾ ಕುಡದೈತಿ. ಬುಡದಾಗ ಇರಿವಿ ಸಂಸಾರ ಹೂಡ್ಯಾವು ನೋಡ್ರಿ."

ಅಪ್ಪ ಕಣ್ಣು ಮುಚ್ಚಿಕೊಂಡ. ಆಗ ಹುಡುಗಿ, ತಲೆ ತಗ್ಗಿಸಿ ಕೂತಿದ್ದವಳು, ಫಕ್ಕನೆ ನಕ್ಕಳು. ನಗು ತಡೆಯಲು ಹೋಗಿ ಇನ್ನೂ ಜೋರಾಯಿತು. "ಅವ್ವಾ, ನಾ ಹೇಳಿರಲಿಲ್ಲ? ಚಾಕ್ಕ ಇಷ್ಟು ಸಕ್ಕರಿ ಹಾಕಬ್ಯಾಡ ಅಂತ! ನೋಡಾಕ ಬಂದಾವ್ರೆಲ್ಲ ಅಲ್ಲೇ ಸುರುವಿ ಹೋಗ್ಯಾರ."

"ಯಾರು ಬಂದಾವ್ರು?" ಅಂತ ತಾಯಿ ಸಿಟ್ಟಿನಿಂದ ಗಂಡನ ಕಡೆ ತಿರುಗಿದರು. ಹುಡುಗಿಯ ತಂದೆ ತಮ್ಮ ಖಾಲಿ ಕಪ್ಪನ್ನು ನೋಡುತ್ತಾ ಮೆಲ್ಲಗೆ ಅಂದರು: "ಬಂದಾವ್ರು ಅಷ್ಟ ಅಲ್ಲ."

ಸಂಬಂಧ ಕೂಡಿತು. ಹೇಗೆ ಕೂಡಿತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ನಾನೇ ಕುಂಡದ ಮಣ್ಣು ಬದಲಿಸಿ, ಇನ್ನು ಬರೀ ನೀರು ಅಂತ ಹೇಳಿ ಬಂದೆ. ಆಮೇಲೆ ಹುಡುಗಿಯ ತಾಯಿ ಫೋನ್ ಮಾಡಿದರು. "ತಮ್ಮಾ, ನೀರಿಗೆ ಗಿಡ ಯಾಕೋ ಮುಖ ಸಣ್ಣ ಮಾಡೈತಿ. ಅರ್ಧ ಕಪ್ಪರ ಹಾಕ್ಲೇನು?"

೪. ಸಿರುಗುಪ್ಪ ಬಸ್ಸಿನ ಅಮ್ಮೋರು

ಖಾಲಾನ ಮಗಳಿಗೆ ಸಿರುಗುಪ್ಪದಲ್ಲಿ ಹೆರಿಗೆ ಆಯಿತು. ಮಗಳ ಅತ್ತೆಗೆ ಕೈಲಾಗದು ಅಂತ ಖಾಲಾನೇ ಹೋದರು. ಹೋದವರು ದಿನಾ ವಿಡಿಯೋ ಕಾಲ್ ಮಾಡಿ "ಗಿಡ ತೋರ್ಸು" ಅನ್ನೋರು. ನಾನು "ಕೂಸು ತೋರ್ಸ್ರಿ" ಅಂದರೆ ಫ್ಯಾನು ತೋರಿಸೋರು. ಗಿಡ ನೋಡಿ "ಬಡವಾಗೈತಿ" ಅಂತ ಕಣ್ಣು ಒರೆಸಿಕೊಂಡಾಗ ನನಗೆ ತಡೆಯಲಾಗಲಿಲ್ಲ. ಒಯ್ದು ತೋರಿಸಿಯೇ ಬರೋಣ ಅಂತ ಹೊರಟೆ.

ಬಿಸಿಲು ಹೇಗಿತ್ತು ಅಂತ ಬಳ್ಳಾರಿಯವರಿಗೆ ಹೇಳೋದು ಬೇಡ. ಕುಂಡ ಕಾಯಬಾರದು ಅಂತ ಅವ್ವನ ಹಳೆ ಕೆಂಪು ಸೀರೆಯ ತುಂಡು ಒದ್ದೆ ಮಾಡಿ ಸುತ್ತಿದೆ. ಅಲ್ಲೇ ತಪ್ಪಾಗಿದ್ದು. ಬಸ್ಸು ಬಿಡುವ ಮೊದಲೇ ಗಿಡ ಬಾಡಿ, ಎಲೆಯೆಲ್ಲ ಕುಂಡದ ಸುತ್ತ ಜೋತುಬಿತ್ತು. ನಾನು ತೊಡೆ ಮೇಲೆ ಇಟ್ಟುಕೊಂಡು ಅಳೋ ಮುಖ ಮಾಡಿ ಕೂತೆ. ಪಕ್ಕದ ಹೆಣ್ಣುಮಗಳು ಕೆಂಪು ಬಟ್ಟೆ ನೋಡಿದಳು, ನನ್ನ ಕಣ್ಣೀರು ನೋಡಿದಳು.

"ಯಾವ ಊರ ಅಮ್ಮೋರಪ್ಪಾ?"

"ಅಮ್ಮೋರಲ್ರಿ, ಗಿಡ."

"ಹೊತ್ತಾವ್ರು ಹೇಳಬಾರದು. ಅಷ್ಟು ತಿಳೀತೈತಿ ಬಿಡು ನನಗ." ತನ್ನ ಬಾಟಲಿಯ ನೀರು ಬುಡಕ್ಕೆ ಎರೆದು, ಚೀಲದಿಂದ ಕುಂಕುಮ ತೆಗೆದು ಕುಂಡಕ್ಕೆ ಹಚ್ಚಿದಳು. ಹಿಂದಿನ ಸೀಟಿನಿಂದ ಒಂದು ಕೈ ಬಂದು ಅರಿಶಿನ ಹಚ್ಚಿತು. ಇನ್ನೊಂದು ಕೈ ಮಲ್ಲಿಗೆ ಇಟ್ಟಿತು.

ಈ ಗಿಡದ ಗುಣ ಏನಂದರೆ, ನೀರು ಕಂಡರೆ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತದೆ. ಅದು ನನಗೆ ಗೊತ್ತು. ಬಸ್ಸಿಗೆ ಗೊತ್ತಿಲ್ಲ. ಅರ್ಧ ದಾರಿ ದಾಟಿದ ಮೇಲೆ ಒಂದು ಎಲೆ ತಲೆ ಎತ್ತಿತು. ಆಮೇಲೆ ಇನ್ನೊಂದು.

"ಎದ್ಲು! ಅಮ್ಮೋರು ಎದ್ಲು!"

ಸೀಟಿನ ಕೆಳಗಿಡು ಅಂತ ಗದರಿಸಿದ್ದ ಕಂಡಕ್ಟರ್ ಚಪ್ಪಲಿ ಬಿಟ್ಟು ಬಂದ.

"ನೀರು ಹಾಕಿದ್ರ ಇದು ಹಂಗ ಏಳ್ತೈತ್ರಿ!" ಅಂತ ನಾನು ಕೂಗಿದೆ. ಜೀವಮಾನದಲ್ಲಿ ಇಷ್ಟು ನಿಜ ಒಂದೇ ದಿನ ಹೇಳಿರಲಿಲ್ಲ.

"ನೋಡ್ರಿ, ಹುಡುಗಗ ಚೂರು ಬಡಾಯಿ ಇಲ್ಲ," ಅಂದರು ಎಲ್ಲರೂ.

ಸಿರುಗುಪ್ಪದಲ್ಲಿ ಇಳಿದಾಗ ಗಿಡಕ್ಕೆ ಕುಬಸದ ಕಣ, ಹೂವಿನ ದಂಡೆ, ಬಾಳೆಹಣ್ಣು, ಕಾಯಿ. ಖಾಲಾ ಬಾಗಿಲು ತೆಗೆದು ಹಾಗೇ ನಿಂತರು. "ಏನ್ ಬೇಟಾ, ಬರೋ ದಾರ್ಯಾಗ ಇದರ ಮದುವಿ ಮಾಡ್ದೇನು?"

ಆಮೇಲೆ ಒಂದು ಕೈಲಿ ಮೊಮ್ಮಗಳು, ಒಂದು ಕೈಲಿ ಕುಂಡ ಹಿಡಿದು ಬಹಳ ಹೊತ್ತು ಕೂತರು. ಹೊರಡುವಾಗ ಅಂದರು: "ಮಗಳನ್ನ, ಕೂಸಿನ್ನ ಕರಕೊಂಡು ಬಳ್ಳಾರಿಗೆ ಬರ್ತೀನಿ. ಅಷ್ಟರಾಗ ಒಂದು ಹೂ ಬಿಡಿಸಿ ಇಡು. ಅಸಲಿದು. ನೀ ಬಿಡಿಸ್ತಿ, ನನಗ ನಂಬಿಕಿ ಐತಿ."

ನನ್ನನ್ನು ನಂಬುತ್ತೇನೆ ಅಂದವರು ಅವರೊಬ್ಬರೇ. ಆ ಮಾತು ಕುಂಡಕ್ಕಿಂತ ಭಾರ ಇತ್ತು.

ವಾಪಸ್ ಬರುವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಬಸ್ಸು ತುಂಬಿ ತುಳುಕುತ್ತಿತ್ತು. ಅವನು ಮುಂದಿನ ಸೀಟಿನಲ್ಲಿದ್ದ ಒಬ್ಬರನ್ನು ಎಬ್ಬಿಸಿ, ಟವೆಲಿನಿಂದ ಸೀಟು ಒರೆಸಿ, ಕುಂಡವನ್ನು ಕೂಡಿಸಿದ.

ಬಳ್ಳಾರಿತನಕ ನಾನು ನಿಂತು ಬಂದೆ.

೫. ಮತ್ತೆ ತಂತಿ

ಆಮೇಲೆ ಒಂದಿನ ಎಲೆಗಳ ನಡುವೆ ಬೆಳ್ಳಗೆ ಏನೋ ಕಂಡಿತು. ಈ ಸಲ ನಾನು ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನೋಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಗಿಡಕ್ಕೂ ಹೇಳಲಿಲ್ಲ.

ಖಾಲಾ ಬರೋ ದಿನಾನೇ ಮುಂಜಾನೆ ಅದು ಬಿಚ್ಚಿತು. ಒಂದೇ ಎಸಳು, ಹೊಳೆಯುವ ಬಿಳುಪು. ಹೇಗೆ ಹೇಳಲಿ, ನೋಡಲು ಥೇಟ್ ಪ್ಲಾಸ್ಟಿಕ್ ಇದ್ದಂಗಿತ್ತು. ನನ್ನ ನಸೀಬು.

"ಹೂ ಬಿಡ್ತು! ಹೂ ಬಿಡ್ತು!" ಅಂತ ಓಣಿಯಲ್ಲಿ ಓಡಿದೆ.

"ಹೌದೌದು," ಅಂದಳು ಅಜ್ಜಿ ಕಸ ಗುಡಿಸುತ್ತಾ. "ಪಾಯಸ ಎಲ್ಲೈತಿ?"

ಅಪ್ಪ ಅಟ್ಟದಿಂದ ಚೀಲ ಇಳಿಸಿದ. ನನ್ನ ಎರಡು ಅಂಗಿ ತುರುಕಿ ಬಾಗಿಲ ಬಳಿ ಇಟ್ಟ. "ಖಾಲಾ ಕೂಸಿನ್ನ ಕರಕೊಂಡು ಬರಾಕತ್ತಾರ. ಇವತ್ತೊಂದಿನ ಸುಮ್ಕಿರಾಕ ಆಗ್ಲಿಲ್ಲಲ್ಲ ನಿನಗ? ಮಾಮಗ ಫೋನ್ ಹಚ್ತೀನಿ."

"ಅಪ್ಪಾ, ಅಸಲಿ ಐತಿ! ಬಂದು ನೋಡ್ರಿ!"

ಬಂದರು. ಇಡೀ ಓಣಿ ನಮ್ಮ ಮನೆಯೊಳಗೆ ನುಗ್ಗಿತು. ಎಲ್ಲರೂ ಹೂ ನೋಡಿದರು, ಎಲ್ಲರೂ ನಕ್ಕರು.

"ತಂತಿ ಎಲ್ಲಿ ಸಿಗಿಸಿಯಲೇ?" ಅಂದಳು ಅಜ್ಜಿ.

"ತಂತಿ ಇಲ್ಲ ಅಜ್ಜಿ. ಮುಟ್ಟಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ!"

"ತಂತಿ ಇರ್ಲಿಲ್ಲಂದ್ರ ನಿನಗ್ಯಾಕ ಇಷ್ಟು ಭಯ?"

ಎಳೆದಳು.

ಟಪ್ ಅಂತು. ತಂತಿ ಬರಲಿಲ್ಲ. ಹಸಿ ತೊಟ್ಟಿನಿಂದ ಒಂದು ಹನಿ ನೀರು ಬಂತು. ಅಜ್ಜಿ ಹೂವನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಮೂಸಿದ. ಉಗುರಿನಿಂದ ಚುಚ್ಚಿದ. ಅವನ ಮುಖ ಇಳಿಯಿತು.

"ಅಸಲಿ ಐತಿ," ಅಂದ.

ಆಗಲೇ ಹೊರಗೆ ಆಟೋ ನಿಂತಿತು. ಖಾಲಾನ ದನಿ: "ಬೇಟಾ, ಹೂ ಬಿಡ್ತೇನೋ?"

ಅಷ್ಟು ಜನ ದೊಡ್ಡವರು ಒಮ್ಮೆಲೇ ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವ್ವ ಸೂಜಿದಾರ ತಂದಳು. ಅಜ್ಜಿ ಗೋದಿಹಿಟ್ಟು ಕಲಸಿಕೊಂಡು ಬರ್ತೀನಿ ಅಂದಳು. ಅಪ್ಪ ಓಡಿಹೋಗಿ ಟ್ರಂಕು ತೆಗೆದ. ಮಾಮನಿಗೆ ಸಾಕ್ಷಿ ತೋರಿಸಲು ಅಂತ ನನ್ನ ಹಳೆ ಪ್ಲಾಸ್ಟಿಕ್ ಹೂವನ್ನು ಇಟ್ಟುಕೊಂಡಿದ್ದನಂತೆ! ಅದರ ತಂತಿ ಕಿತ್ತು, ಅಸಲಿ ಹೂವಿಗೆ ಸುತ್ತಿ, ಗಿಡಕ್ಕೆ ಕಟ್ಟತೊಡಗಿದ.

"ಅಪ್ಪಾ, ತಂತಿ ಕಾಣ್ತೈತಿ."

"ಸುಮ್ಕಿರಲೇ! ಆ ಎಲಿ ಅಡ್ಡ ಮಾಡು!"

ಓಣಿಯಲ್ಲಿ ಅವತ್ತು ಏನೂ ಮಾಡದೆ ನಿಂತವನು ನಾನೊಬ್ಬನೇ.

ಖಾಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಮಗಳ ಜೊತೆ ಒಳಗೆ ಬಂದರು. ಹೂ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಮೆಲ್ಲಗೆ ಬೆರಳಿನಿಂದ ಸವರಿದರು. ಬೆರಳು ಕೆಳಗೆ ಇಳಿಯಿತು. ಅಲ್ಲೇ ನಿಂತಿತು.

"ತಂತಿ," ಅಂದರು.

ಎಲ್ಲರೂ ಗೋಡೆ, ಫ್ಯಾನು, ಕ್ಯಾಲೆಂಡರು ನೋಡತೊಡಗಿದರು.

"ನಾ ನಿನ್ನ ನಂಬಿದ್ನಲ್ಲೋ ಬೇಟಾ."

ಹೂ ಅಸಲಿ, ತಂತಿನೂ ಅಸಲಿ, ಎರಡೂ ನಾನು ಕಟ್ಟಿದ್ದಲ್ಲ ಅಂದರೆ ನಾನೇ ನಂಬೋದಿಲ್ಲ. ಹೋಗಿ ಚೀಲ ಎತ್ತಿಕೊಂಡೆ.

ಅಪ್ಪ ಕೆಮ್ಮಿದ. ಮತ್ತೆ ಕೆಮ್ಮಿದ. "ಖಾಲಾ... ಅವ ಅಲ್ರಿ. ಹೂ ಅಸಲಿ ಬಿಟ್ಟಿತ್ರಿ. ತಂತಿ ನಂದು."

"ಬಿಟ್ಟ ಹೂವಿಗೆ ತಂತಿ ಯಾಕಪ್ಪಾ?"

"ನಾ ಬರೇ ಪರೀಕ್ಷಾ ಮಾಡಿದ್ನೆವ್ವಾ," ಅಂದಳು ಅಜ್ಜಿ ಹಿಂದಿನಿಂದ. "ಜೋರಾಗಿ ಏನ್ ಎಳದಿಲ್ಲ."

ಖಾಲಾ ಹೂ ನೋಡಿದರು, ಅಪ್ಪನ್ನ ನೋಡಿದರು, ನನ್ನ ಕೈಲಿದ್ದ ಚೀಲ ನೋಡಿದರು. "ಇದು ಎಲ್ಲಿಗೆ ಹೊಂಟೈತಿ?"

"ತೆಕ್ಕಲಕೋಟಿಗ್ರಿ," ಅಂದೆ.

"ತಂತಿ ಕಟ್ಟಿದಾವ ನಿಮ್ಮಪ್ಪ, ಹೋಗಾವ ನೀನಾ?" ಚೀಲ ಕಸಿದು ಅಪ್ಪನ ಹೆಗಲಿಗೆ ಹಾಕಿದರು. "ತಮ್ಮಾ, ಬಸ್ಸಿಗೆ ಹೊತ್ತಾತು ನೋಡು. ಹೊಂಡು."

ಅಪ್ಪ ಚೀಲ ಹೊತ್ತು ನಿಂತ. ಮಾತು ಬದಲಿಸಲು ಅಜ್ಜಿ ಎರಡೂ ಕೈ ಚಾಚಿ ಮುಂದೆ ಬಂದಳು. "ಹೋಗ್ಲಿ ಬಿಡವ್ವಾ. ಕೂಸಿನ್ನ ಕೊಡು ಇಲ್ಲಿ, ನೋಡೋಣ."

ಖಾಲಾ ಹಿಂದೆ ಸರಿದರು. ಕೂಸನ್ನು ತಂದು ನನ್ನ ಕೈಯಲ್ಲಿ ಇಟ್ಟರು.

"ಬ್ಯಾಡ ಅಜ್ಜಿ. ನಿಮ್ಮ ಕೈಯಾಗ ಕೊಟ್ರ, ಅಸಲಿ ಹೌದೋ ಅಲ್ಲೋ ಅಂತ ಎಳದು ನೋಡ್ತೀರಿ."